ಕ್ಯಾನ್ಸರನ್ನು ಲೆಕ್ಕಕ್ಕೆ ತಂದ ಡಾ. ಖಾನೋಲ್ಕರ್

ವೀಳ್ಯದೆಲೆ, ಅಡಿಕೆ, ಸುಣ್ಣ, ಜೊತೆಗೊಂದು ಚೂರು ಹೊಗೆಸೊಪ್ಪು. ವಯನಾಡಿನ ನಮ್ಮ ಮನೆಗಳ ಜಗಲಿಯಲ್ಲಿ ಹಿರಿಯರ ಕೈಗೆಟುಕುವಂತೆ ಇರುವ ತಟ್ಟೆಯಿದು. ಈ ತಟ್ಟೆಗೂ ಬಾಯಿಯ ಕ್ಯಾನ್ಸರಿಗೂ ಇರುವ ನಂಟನ್ನು ಲೆಕ್ಕವಿಟ್ಟು ತೋರಿಸಿದ ಭಾರತೀಯ ವೈದ್ಯರಲ್ಲಿ ಡಾ. ವಸಂತ ರಾಮಜಿ ಖಾನೋಲ್ಕರ್ ಪ್ರಮುಖರು.

1895ರ ಏಪ್ರಿಲ್ 13ರಂದು ಜನಿಸಿದ ಅವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಿಕ್ಷಣ ಪಡೆದು, 1923ರಲ್ಲಿ ರೋಗಶಾಸ್ತ್ರದಲ್ಲಿ ಎಂ.ಡಿ. ಪದವಿ ಗಳಿಸಿದರು. ಸ್ವದೇಶಕ್ಕೆ ಮರಳಿ ಮುಂಬಯಿಯ ವೈದ್ಯಕೀಯ ಕಾಲೇಜುಗಳಲ್ಲಿ ಅಧ್ಯಾಪಕರಾದರು. 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಶಾಲೆಯ ಹೊಣೆ ಅವರದಾಯಿತು.

ರೋಗಿಯ ದೇಹದಿಂದ ತೆಗೆದ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಸುವುದು ಅಲ್ಲಿನ ಕೆಲಸ. ಖಾನೋಲ್ಕರರು ಅಷ್ಟಕ್ಕೇ ತೃಪ್ತರಾಗಲಿಲ್ಲ. ರೋಗಿ ಯಾವ ಸಮುದಾಯದವನು, ಏನು ಜಗಿಯುತ್ತಾನೆ, ಏನು ಸೇದುತ್ತಾನೆ ಎಂಬುದೂ ಅವರಿಗೆ ಬೇಕಿತ್ತು. ಬಾಯಿಯ ಕ್ಯಾನ್ಸರಿನ ಒಂದು ಸಾವಿರ ರೋಗಿಗಳ ವಿವರವನ್ನು 1944ರಲ್ಲಿ ಪ್ರಕಟಿಸಿದರು. ಹಣೆಬರಹವೆಂದು ಜನ ಕೈಚೆಲ್ಲಿದ್ದ ರೋಗದ ಹಿಂದೆ ದಿನನಿತ್ಯದ ಅಭ್ಯಾಸಗಳಿರುವುದು ಇಂಥ ಅಧ್ಯಯನಗಳಿಂದ ಬೆಳಕಿಗೆ ಬಂತು. ಮುಂದೆ ಅವರು ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕರಾದರು, ಪದ್ಮಭೂಷಣ ಪುರಸ್ಕೃತರಾದರು.

ಆದರೆ ಒಂದು ಆಸ್ಪತ್ರೆಯ ಲೆಕ್ಕ ಅಲ್ಲಿಗೆ ಬಂದವರ ಲೆಕ್ಕ ಮಾತ್ರ. ಮನೆಯಲ್ಲೇ ತೀರಿಕೊಂಡವರು ಅದರಲ್ಲಿಲ್ಲ. ಊರಿನ ಎಲ್ಲ ಆಸ್ಪತ್ರೆ, ಪ್ರಯೋಗಶಾಲೆ, ಮರಣ ದಾಖಲೆಗಳನ್ನು ಒಟ್ಟುಗೂಡಿಸಿದರೆ ಮಾತ್ರ ಲಕ್ಷ ಜನರಲ್ಲಿ ಎಷ್ಟು ಮಂದಿಗೆ ರೋಗ ಬಂತೆಂದು ಹೇಳಬಹುದು. ಇಂಥ ದಾಖಲೆ ಕಾರ್ಯ 1963ರಲ್ಲಿ ಡಾ. ಜಸ್ಸಾವಾಲಾ ಅವರ ಮುಂದಾಳುತನದಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಖಾನೋಲ್ಕರರು 1978ರ ಅಕ್ಟೋಬರ್ 29ರಂದು ತೀರಿಕೊಂಡರು. ರಾಷ್ಟ್ರವ್ಯಾಪಿ ಯೋಜನೆಯನ್ನು ಅವರು ಕಾಣಲಿಲ್ಲ. 1982ರ ಜನವರಿಯಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಬೆಂಗಳೂರು, ಮುಂಬಯಿ, ಮದ್ರಾಸುಗಳಲ್ಲಿ ಒಂದೇ ಕ್ರಮದ ದಾಖಲೆ ಶುರುವಾಯಿತು. ಇವೆಲ್ಲವನ್ನೂ ಹೊಂದಿಸುವ ಕೇಂದ್ರ ನೆಲೆಗೊಂಡದ್ದು ಬೆಂಗಳೂರಿನಲ್ಲಿ. ಒಬ್ಬ ರೋಗಿ ಎರಡು ಆಸ್ಪತ್ರೆಗೆ ಹೋದರೂ ಎಣಿಕೆ ಒಂದೇ ಆಗಬೇಕು. ಅವನು ಸೇರುವುದು ಚಿಕಿತ್ಸೆಯ ಊರಿಗಲ್ಲ, ವಾಸದ ಊರಿಗೆ.

ನಮಗೆ ಮುಖ್ಯವಾದುದು ಇದೇ. ವಯನಾಡಿನ ರೋಗಿಗಳು ಕೋಝಿಕ್ಕೋಡು, ತಲಶ್ಶೇರಿ, ಮೈಸೂರು, ಬೆಂಗಳೂರುಗಳಿಗೆ ಹೋಗುತ್ತಾರೆ. ಅನುಕೂಲಕ್ಕೆಂದು ಬೆಂಗಳೂರಿನ ನೆಂಟರ ವಿಳಾಸ ಬರೆಸಿದರೆ ಆ ರೋಗ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಜಿಲ್ಲೆಯ ಸಂಕಟ ಕಾಗದದ ಮೇಲೆ ಕಡಿಮೆಯಾಗಿ ಕಾಣುತ್ತದೆ. ಮಕ್ಕಳ ತಲೆ ಎಣಿಸಿ ಅಧ್ಯಾಪಕರ ಹುದ್ದೆ ಮಂಜೂರು ಮಾಡುವ ಪದ್ಧತಿಯನ್ನು ಬಲ್ಲ ಭಾಷಾ ಅಲ್ಪಸಂಖ್ಯಾತರಿಗೆ ಎಣಿಕೆಯಿಂದ ಬಿಟ್ಟುಹೋಗುವುದರ ನಷ್ಟವನ್ನು ವಿವರಿಸಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ನಿಜವಾದ ವಿಳಾಸ ಹೇಳೋಣ, ಅಭ್ಯಾಸವನ್ನು ಮರೆಮಾಚದಿರೋಣ. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಬಾಯಲ್ಲಿ ವಾಸಿಯಾಗದ ಹುಣ್ಣೋ ಬಿಳಿ ಮಚ್ಚೆಯೋ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸೋಣ. ಜಗಲಿಯ ತಟ್ಟೆಯನ್ನು ಒಳಗೆತ್ತಿಡುವುದು ಖಾನೋಲ್ಕರರಿಗೆ ನಾವು ಸಲ್ಲಿಸಬಹುದಾದ ಗೌರವ.