ವಿಧಾನಸೌಧದ ನಿರ್ಮಾತೃ ಶ್ರೀ ಕೆಂಗಲ್ ಹನುಮಂತಯ್ಯ (1908–1980)

ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಶ್ರೀ ಕೆಂಗಲ್ ಹನುಮಂತಯ್ಯನವರು 1908ರಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲುತನದ ಕುಟುಂಬವೊಂದರಲ್ಲಿ ಜನಿಸಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿಯನ್ನೂ ಪುಣೆಯಲ್ಲಿ ಕಾನೂನು ಶಿಕ್ಷಣವನ್ನೂ ಪೂರೈಸಿ ವಕೀಲರಾದರು. ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ಬಾರಿ ಸೆರೆವಾಸ ಅನುಭವಿಸಿದ ಅವರು, ಮುಂದೆ ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು. 1952ರ ಮಾರ್ಚ್ 30ರಂದು ರಾಜ್ಯದ ಆಡಳಿತದ ಹೊಣೆಯನ್ನು ವಹಿಸಿಕೊಂಡರು.

ಆ ವರ್ಷ ಚುನಾಯಿತವಾದ ವಿಧಾನಸಭೆಯ ಸದಸ್ಯರ ಸಂಖ್ಯೆ 99 ಮಾತ್ರ. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. 1952ರ ಜೂನ್ 18ರಂದು ಸಭೆಯು ಪ್ರಥಮವಾಗಿ ಸೇರಿದ್ದು, ಇಂದು ಉಚ್ಚ ನ್ಯಾಯಾಲಯವಿರುವ ಹಳೆಯ ಸಾರ್ವಜನಿಕ ಕಚೇರಿಗಳ ಕಟ್ಟಡದ ಸಭಾಂಗಣದಲ್ಲಿ. ಹದಿನೆಂಟು ಇಲಾಖೆಗಳು ಒಂದೆಡೆ ಇದ್ದುದರಿಂದ ಅದಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂದಿತ್ತು.

ಹೊಸ ಕಟ್ಟಡಕ್ಕೆ 1951ರ ಜುಲೈ 13ರಂದೇ ಶ್ರೀ ಕೆ.ಸಿ. ರೆಡ್ಡಿಯವರ ಆಡಳಿತಾವಧಿಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂರವರಿಂದ ಶಂಕುಸ್ಥಾಪನೆಯಾಗಿತ್ತು. ಆಗಿನ ನಕ್ಷೆಯು ಸಾಧಾರಣ ಗಾತ್ರದ್ದು. ಹನುಮಂತಯ್ಯನವರು ಅದನ್ನು ಬದಿಗಿರಿಸಿ, ದ್ರಾವಿಡ ವಾಸ್ತುಶೈಲಿ ಪ್ರಧಾನವಾದ ಬೃಹತ್ ಸೌಧವೊಂದನ್ನು ಯೋಜಿಸಿದರು. ಬೆಂಗಳೂರಿನ ಸರ್ಕಾರಿ ಕಟ್ಟಡಗಳೆಲ್ಲವೂ ಐರೋಪ್ಯ ಮಾದರಿಯವೆಂದು ರಷ್ಯಾದಿಂದ ಬಂದಿದ್ದ ಸಾಂಸ್ಕೃತಿಕ ನಿಯೋಗವೊಂದು ಆಡಿದ ಮಾತು ಅವರ ಮನಸ್ಸಿಗೆ ತಟ್ಟಿತ್ತೆಂದು ಹೇಳಲಾಗುತ್ತದೆ. ವಿನ್ಯಾಸದ ಹೊಣೆಯನ್ನು ಮುಖ್ಯ ಇಂಜಿನಿಯರ್ ಶ್ರೀ ಬಿ.ಆರ್. ಮಾಣಿಕ್ಯಂರವರು ನಿರ್ವಹಿಸಿದರು.

ಸೌಧದ ಉದ್ದ ಸುಮಾರು 700 ಅಡಿ, ಅಗಲ 350 ಅಡಿ. ಬೆಂಗಳೂರಿನ ಆಸುಪಾಸಿನ ಮಲ್ಲಸಂದ್ರ ಮತ್ತು ಹೆಸರಘಟ್ಟದ ಕಲ್ಲುಗಳನ್ನು ಬಳಸಲಾಯಿತು. ಸುಮಾರು 5,000 ಕೆಲಸಗಾರರು ದುಡಿದರು. ಇವರಲ್ಲಿ ಬಹುಪಾಲು ಜನ ಕಾರಾಗೃಹದ ಕೈದಿಗಳು ಎಂಬುದು ಹಲವರಿಗೆ ತಿಳಿದಿರಲಾರದು. ಕಲ್ಲುಕುಟಿಗರು ಮತ್ತು ಮರಗೆತ್ತನೆಯ ಕುಶಲಕರ್ಮಿಗಳ ಸಂಖ್ಯೆಯೇ ಸುಮಾರು 1,500. ಪೂರ್ವದಿಕ್ಕಿನ ಮುಂಭಾಗದಲ್ಲಿ 40 ಅಡಿ ಎತ್ತರದ ಹನ್ನೆರಡು ಕಂಬಗಳು ನಿಂತವು. ನಡುಗುಮ್ಮಟದ ಮೇಲೆ ರಾಷ್ಟ್ರಲಾಂಛನವನ್ನು ಸ್ಥಾಪಿಸಲಾಯಿತು. ಒಳಾಂಗಣದ ವಿಷಯದಲ್ಲಿಯೂ ಇದೇ ಕಾಳಜಿಯನ್ನು ವಹಿಸಲಾಯಿತು. ಸಚಿವ ಸಂಪುಟದ ಸಭಾ ಕೊಠಡಿಗೆ ಅಳವಡಿಸಿದ, ಕೆತ್ತನೆಯಿಂದ ಕೂಡಿದ ಶ್ರೀಗಂಧದ ಬಾಗಿಲು ಇಂದಿಗೂ ಪ್ರಸಿದ್ಧವಾಗಿದೆ. ಸರ್ಕಾರಿ ಕೆಲಸವು ದೇವರ ಕೆಲಸವೆಂಬ ಅರ್ಥದ ಬರಹವನ್ನು ಮುಂಭಾಗದ ಕಲ್ಲಿನಲ್ಲಿ ಕಾಣಬಹುದು. ಅದು ಒಳಗೆ ಕುಳಿತು ಕೆಲಸ ಮಾಡುವವರನ್ನು ಕುರಿತದ್ದಾದರೂ, ಮೊದಲು ಓದುವವರು ಅರ್ಜಿ ಹಿಡಿದು ಬರುವ ಸಾರ್ವಜನಿಕರೇ.

ವೆಚ್ಚವು ಒಂದೂಮುಕ್ಕಾಲು ಕೋಟಿ ರೂಪಾಯಿಗಳನ್ನು ಮೀರಿತು. ಅಂದಿನ ಚಿಕ್ಕ ರಾಜ್ಯಕ್ಕೆ ಇದು ಹಗುರವಾದ ಮೊತ್ತವಲ್ಲ. ದುಂದುವೆಚ್ಚವೆಂಬ ಆಕ್ಷೇಪಣೆ ಸದನದ ಒಳಗೂ ಹೊರಗೂ ಕೇಳಿಬಂತು. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಅದನ್ನು ಕೇವಲ ರಾಜಕೀಯ ದ್ವೇಷವೆಂದು ತಳ್ಳಿಹಾಕಲಾಗದು. ನಿರ್ಮಾಣದ ಬಗ್ಗೆ ಮುಂದೆ ವಿಚಾರಣೆಯೂ ನಡೆಯಿತು. ಆದರೆ ಹನುಮಂತಯ್ಯನವರ ಎಣಿಕೆ 99 ಸದಸ್ಯರ ಸಭೆಗೆ ಸೀಮಿತವಾಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ಕನ್ನಡ ಮಾತನಾಡುವ ಪ್ರದೇಶಗಳೆಲ್ಲ ಒಂದಾಗಬೇಕೆಂಬುದು ಅವರ ನಿಲುವು. ಹಳೆ ಮೈಸೂರಿನ ಅನೇಕ ಮುಖಂಡರು, ಅವರ ಆಪ್ತರೂ ಸೇರಿದಂತೆ, ಏಕೀಕರಣವನ್ನು ವಿರೋಧಿಸಿದಾಗಲೂ ಅವರು ಅದರಿಂದ ಹಿಂದೆ ಸರಿಯಲಿಲ್ಲ.

ಸ್ವಪಕ್ಷದಲ್ಲಿಯೇ ಬೆಂಬಲ ಕುಸಿದ ಕಾರಣ 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರ ತ್ಯಜಿಸಬೇಕಾಯಿತು. ಏಕೀಕೃತ ರಾಜ್ಯವು ಅದೇ ವರ್ಷ ನವೆಂಬರ್ 1ರಂದು ಉದಯಿಸಿದಾಗ ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದರು. ಡಿಸೆಂಬರ್ 19ರಂದು ನೂತನ ಸಭಾಂಗಣದಲ್ಲಿ ಶಾಸಕರು ಮೊದಲ ಬಾರಿಗೆ ಸೇರಿದಾಗ, ಅದನ್ನು ಕಟ್ಟಿಸಿದವರು ಸರ್ಕಾರದ ಮುಖ್ಯಸ್ಥರ ಪೀಠದಲ್ಲಿರಲಿಲ್ಲ. 1957ರ ಚುನಾವಣೆಯಲ್ಲಿ ಸದಸ್ಯರ ಸಂಖ್ಯೆ 208ಕ್ಕೆ ಏರಿತು.

ಕನ್ನಡ ಸಾಹಿತ್ಯದಲ್ಲಿ ಅಪಾರ ಆಸಕ್ತಿ ಹೊಂದಿದ್ದ ಅವರು, ಕುಮಾರವ್ಯಾಸ ಭಾರತವನ್ನು ಕೇವಲ ಎರಡು ರೂಪಾಯಿಗೆ ಜನರ ಕೈಗೆ ದೊರಕುವಂತೆ ಮಾಡಿದ್ದರು. ಮುಂದೆ ಲೋಕಸಭೆಗೆ ಆಯ್ಕೆಯಾಗಿ, ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ ಹಾಗೂ ಕೇಂದ್ರದ ರೈಲ್ವೆ ಸಚಿವರಾಗಿ ಸೇವೆ ಸಲ್ಲಿಸಿದರು. 1980ರ ಡಿಸೆಂಬರ್ 1ರಂದು ನಿಧನರಾದರು.

ಪ್ರಸ್ತುತ ವಿಧಾನಸಭೆಯ ಚುನಾಯಿತ ಸದಸ್ಯರು 224. ಸಭೆ ಅದೇ ಸಭಾಂಗಣದಲ್ಲಿಯೇ ಸೇರುತ್ತಿದೆ. ಕಚೇರಿಗಳಿಗೆ ಮಾತ್ರ ಸ್ಥಳ ಸಾಲದಾಗಿ, ಪಕ್ಕದಲ್ಲಿ ಅದೇ ಶೈಲಿಯ ವಿಕಾಸಸೌಧವನ್ನು ಕಟ್ಟಿ 2005ರಲ್ಲಿ ಉದ್ಘಾಟಿಸಲಾಯಿತು.