ಬೃಹದಣುವಿನ ಸಾಧಕ ಹೆರ್ಮನ್ ಸ್ಟೌಡಿಂಗರ್

ಹತ್ತಿ, ಉಣ್ಣೆ, ರೇಷ್ಮೆ, ತೊಗಲು ಇವು ಅನಾದಿಕಾಲದಿಂದಲೂ ಮಾನವನ ಒಡನಾಡಿಗಳು. ನಮ್ಮ ಜತ್ತ ತಾಲೂಕಿನ ಬಯಲಿನಲ್ಲಿ ಕುರಿ ಕಾಯುವವನ ಹೆಗಲ ಮೇಲಿನ ಕಂಬಳಿ, ಒಕ್ಕಲಿಗನ ಧೋತರ, ಹಿಂದಿನ ಕಾಲದಲ್ಲಿ ಬಾವಿಯಿಂದ ನೀರೆತ್ತುತ್ತಿದ್ದ ತೊಗಲಿನ ಚೀಲ ಇವೆಲ್ಲ ನಮ್ಮ ಹಿರಿಯರ ಬಾಳಿನೊಡನೆ ಹೆಣೆದುಕೊಂಡು ಬಂದವು. ಇಂದು ಇವುಗಳ ಮಗ್ಗುಲಲ್ಲಿಯೇ ಹೊಸ ವಸ್ತುಗಳ ಸಂಸಾರವೊಂದು ನೆಲೆಸಿದೆ. ತಾಯಂದಿರು ನೀರು ತರುವ ಪ್ಲಾಸ್ಟಿಕ್ ಕೊಡ, ದಾಳಿಂಬೆಯ ತೋಟಕ್ಕೆ ಹನಿ ಹನಿಯಾಗಿ ನೀರುಣಿಸುವ ಕೊಳವೆ, ದನ ಕಟ್ಟುವ ನೈಲಾನ್ ಹಗ್ಗ ಇವು ನಮ್ಮ ಕಣ್ಮುಂದೆಯೇ ಬಂದವು. ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ಹಳೆಯ, ಹೊಸ ವಸ್ತುಗಳು ಒಂದೇ ಕುಲಕ್ಕೆ ಸೇರಿದವೆಂಬ ಸತ್ಯವನ್ನು ಕಂಡು, ವಿದ್ವಲ್ಲೋಕದ ವಿರೋಧವನ್ನು ಎದುರಿಸಿ, ಅದನ್ನು ಸ್ಥಾಪಿಸಿದ ಮಹನೀಯರು ಜರ್ಮನಿಯ ರಸಾಯನಶಾಸ್ತ್ರಜ್ಞ ಹೆರ್ಮನ್ ಸ್ಟೌಡಿಂಗರ್. ಅವರ ಜೀವನವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸ್ಟೌಡಿಂಗರ್ ಅವರು 1881ನೆಯ ಮಾರ್ಚ್ 23ರಂದು ರೈನ್ ನದಿಯ ದಡದಲ್ಲಿರುವ ವೊರ್ಮ್ಸ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಫ್ರಾಂಜ್ ಸ್ಟೌಡಿಂಗರ್ ತತ್ತ್ವಶಾಸ್ತ್ರದಲ್ಲಿ ಪರಿಣತರು, ಸಮಾಜಹಿತದಲ್ಲಿ ಆಸಕ್ತರು. ಬಾಲಕ ಹೆರ್ಮನ್ನನ ಒಲವೆಲ್ಲ ಗಿಡಮರಗಳ ಕಡೆಗಿತ್ತು. ಸಸ್ಯಶಾಸ್ತ್ರವನ್ನೇ ಓದಬೇಕೆಂಬುದು ಅವನ ಹಂಬಲ. ಆದರೆ ಸಸ್ಯಗಳ ಮರ್ಮವನ್ನು ಅರಿಯಬೇಕಾದರೆ ಮೊದಲು ರಸಾಯನಶಾಸ್ತ್ರವನ್ನು ಕಲಿಯುವುದು ಲೇಸೆಂದು ತಂದೆ ಹಿತವಚನ ಹೇಳಿದರು. ಮಗ ಆ ಮಾತನ್ನು ಮನ್ನಿಸಿದ. ಹೀಗೆ ಉಪಕರಣವೆಂದು ಕೈಗೆತ್ತಿಕೊಂಡ ಶಾಸ್ತ್ರವೇ ಅವರ ಜೀವಿತದ ಕಾಯಕವಾಯಿತು.

1903ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಅವರು ಸ್ಟ್ರಾಸ್‌ಬರ್ಗಿಗೆ ತೆರಳಿದರು. ಅಲ್ಲಿ 1905ರಲ್ಲಿ ಕೀಟೀನ್ ಎಂಬ ಹೊಸ ಬಗೆಯ ಸಂಯುಕ್ತಗಳನ್ನು ಕಂಡುಹಿಡಿದು ಇಪ್ಪತ್ತನಾಲ್ಕರ ಹರೆಯದಲ್ಲಿಯೇ ಹೆಸರುವಾಸಿಯಾದರು. 1907ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಅಧ್ಯಾಪಕರಾದರು. 1912ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪ್ರಸಿದ್ಧ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪದವಿ ಒಲಿದುಬಂದಿತು. ಅವರ ಕೈಕೆಳಗೆ ಕೆಲಸ ಮಾಡಿದ ರುಜಿಚ್ಕ ಮತ್ತು ರೈಖ್‌ಸ್ಟೈನ್ ಎಂಬ ಇಬ್ಬರು ಶಿಷ್ಯರು ಮುಂದೆ ಗುರುವಿಗಿಂತ ಮೊದಲೇ ನೊಬೆಲ್ ಪಾರಿತೋಷಕ ಪಡೆದರೆಂಬುದು ಗಮನಾರ್ಹ. ರುಜಿಚ್ಕರೊಡನೆ ಅವರು ಕೀಟನಾಶಕ ಸೇವಂತಿಗೆಯ ಸತ್ತ್ವವನ್ನು ಶೋಧಿಸಿದರು. ರೈಖ್‌ಸ್ಟೈನರೊಡನೆ ಹುರಿದ ಕಾಫಿಯ ಪರಿಮಳದ ಘಟಕಗಳನ್ನು ಬಿಡಿಸಿ ನೋಡಿದರು. ಮೊದಲನೆಯ ಮಹಾಯುದ್ಧದಲ್ಲಿ ಕಾಳುಮೆಣಸು ದುರ್ಲಭವಾದಾಗ ಅದಕ್ಕೆ ಬದಲಾಗಿ ಖಾರದ ಕೃತಕ ದ್ರವ್ಯವನ್ನೂ ತಯಾರಿಸಿದರು.

ಆ ಯುದ್ಧವೇ ಅವರ ಅಂತಃಸತ್ತ್ವದ ಮೊದಲ ಪರೀಕ್ಷೆಯಾಯಿತು. ಜರ್ಮನಿಯ ಬಹುಮಂದಿ ವಿಜ್ಞಾನಿಗಳು ರಣೋತ್ಸಾಹದಲ್ಲಿ ಮುಳುಗಿದ್ದಾಗ, ಸ್ಟೌಡಿಂಗರ್ ಅವರು ಎರಡೂ ಪಕ್ಷಗಳ ಕೈಗಾರಿಕಾ ಬಲವನ್ನು ತೂಗಿ ನೋಡಿ, ಅಮೆರಿಕವು ರಣರಂಗಕ್ಕಿಳಿದ ಮೇಲೆ ಜರ್ಮನಿಗೆ ಜಯವಿಲ್ಲವೆಂದೂ ಸಂಧಿಯೇ ಯೋಗ್ಯವೆಂದೂ 1917ರಲ್ಲಿ ಲೇಖನ ಬರೆದರು. 1919ರಲ್ಲಿ ರೆಡ್‌ಕ್ರಾಸ್ ಸಂಸ್ಥೆಯ ಪತ್ರಿಕೆಯಲ್ಲಿ ವಿಷಾನಿಲದ ಘೋರತೆಯನ್ನು ಜಗತ್ತಿಗೆ ಎತ್ತಿ ತೋರಿಸಿದರು. ವಿಷಾನಿಲಯುದ್ಧದ ನೇತಾರರಾಗಿದ್ದ ಫ್ರಿಟ್ಜ್ ಹಾಬರ್ ಅವರು ಇದರಿಂದ ಕುಪಿತರಾಗಿ ಇದು ಸ್ವದೇಶಕ್ಕೆ ಬಗೆದ ದ್ರೋಹವೆಂದು ದೂಷಿಸಿದರು. ಈ ಬರಹಗಳ ಬೆಲೆಯನ್ನು ಸ್ಟೌಡಿಂಗರ್ ಅವರು ಹದಿನೈದು ವರ್ಷಗಳ ತರುವಾಯ ತೆರಬೇಕಾಯಿತು. ಅದನ್ನು ಮುಂದೆ ಹೇಳುವೆನು.

ಈಗ ಅವರ ಜೀವಿತದ ಮುಖ್ಯ ಕಾರ್ಯಕ್ಕೆ ಬರೋಣ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ಬಗೆಯನ್ನು ಕಂಡಿದ್ದರು. 1907ರಲ್ಲಿ ಬೆಲ್ಜಿಯಂ ಮೂಲದ ಲಿಯೊ ಬೇಕ್‌ಲಂಡ್ ಬೇಕಲೈಟ್ ಎಂಬ ಕೃತಕ ರಾಳವನ್ನು ನಿರ್ಮಿಸಿದ್ದರು. ವಸ್ತುಗಳೇನೋ ಕೈಗೆ ಬಂದಿದ್ದವು. ಅವುಗಳ ಒಳಗಿನ ಕಟ್ಟಡ ಹೇಗಿದೆಯೆಂಬುದು ಮಾತ್ರ ಯಾರಿಗೂ ಸ್ಪಷ್ಟವಾಗಿರಲಿಲ್ಲ. ನೀರಿನ ಅಣುಭಾರ 18. ಸಕ್ಕರೆಯ ಅಣುಭಾರ 342. ಅಣುವೊಂದರ ಭಾರ 5000ವನ್ನು ಮೀರುವುದು ಅಸಂಭವವೆಂದು ಅಂದಿನ ಪಂಡಿತರು ಭಾವಿಸಿದ್ದರು. ರಬ್ಬರು, ಹತ್ತಿ, ರೇಷ್ಮೆಗಳಲ್ಲಿ ಇರುವುವು ಚಿಕ್ಕ ಅಣುಗಳೇ; ಯಾವುದೋ ದುರ್ಬಲ ಆಕರ್ಷಣೆಯಿಂದ ಅವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿವೆ ಎಂಬುದು ಅವರ ಸಿದ್ಧಾಂತ.

1920ರಲ್ಲಿ ಸ್ಟೌಡಿಂಗರ್ ಅವರು ಪ್ರಕಟಿಸಿದ ಪ್ರಬಂಧವು ಈ ಸಿದ್ಧಾಂತವನ್ನೇ ತಿರಸ್ಕರಿಸಿತು. ಇವು ಅಂಟಿಕೊಂಡ ಮುದ್ದೆಗಳಲ್ಲ. ಸಾವಿರಾರು ಚಿಕ್ಕ ಘಟಕಗಳು ಕೊಂಡಿಗೆ ಕೊಂಡಿ ಸೇರಿ ಸರಪಳಿಯಾಗಿ ಆದ ಒಂದೇ ಒಂದು ನೀಳವಾದ ಅಣು ಎಂದು ಅವರು ಸಾರಿದರು. ಜೋಳದ ರಾಶಿಗೂ ಮಣಿಸರಕ್ಕೂ ಇರುವ ಭೇದವೇ ಇಲ್ಲಿಯೂ ಇದೆ. ರಾಶಿಯನ್ನು ಒಂದು ತುದಿಯಲ್ಲಿ ಹಿಡಿದೆಳೆದರೆ ಒಂದು ಹಿಡಿ ಕಾಳು ಮಾತ್ರ ಕೈಗೆ ಬರುತ್ತದೆ. ಸರವನ್ನು ಎಳೆದರೆ ಇಡೀ ಸರವೇ ಬರುತ್ತದೆ. ಹತ್ತಿಯ ನೂಲಿನ ಬಲಕ್ಕೂ ರಬ್ಬರಿನ ಎಳೆತಕ್ಕೂ ಮೂಲ ಈ ನೀಳತೆಯೇ. ಇಂಥ ಅಣುವಿಗೆ ಅವರು 1922ರಲ್ಲಿ ಬೃಹದಣುವೆಂಬ ಅರ್ಥದ ಹೆಸರನ್ನಿಟ್ಟರು.

ಕೇವಲ ತರ್ಕದಿಂದ ತೃಪ್ತರಾಗುವ ಸ್ವಭಾವ ಅವರದಲ್ಲ. ರಬ್ಬರಿನ ಘಟಕಗಳಲ್ಲಿ ಇಂಗಾಲದ ಪರಮಾಣುಗಳ ನಡುವೆ ದ್ವಿಬಂಧಗಳುಂಟು. ಆ ದ್ವಿಬಂಧಗಳ ಉಳಿಕೆ ಶಕ್ತಿಯೇ ಚಿಕ್ಕ ಅಣುಗಳನ್ನು ಅಂಟಿಸುತ್ತದೆಯೆಂಬುದು ಎದುರಾಳಿಗಳ ವಾದ. ಹಾಗಿದ್ದರೆ ಜಲಜನಕವನ್ನು ಕೂಡಿಸಿ ಆ ದ್ವಿಬಂಧಗಳನ್ನು ತುಂಬಿಬಿಟ್ಟರೆ ಅಂಟು ಹೋಗಿ, ರಬ್ಬರು ಚಿಕ್ಕ ಅಣುಗಳಾಗಿ ಬಿಡಿಬಿಡಿಯಾಗಬೇಕಷ್ಟೆ? ಸ್ಟೌಡಿಂಗರ್ ಅವರು ತಮ್ಮ ಸಹಾಯಕ ಫ್ರಿಟ್ಶಿಯೊಡನೆ ಈ ಪ್ರಯೋಗವನ್ನು ಮಾಡಿಯೇ ನೋಡಿದರು. ಜಲಜನಕ ಸೇರಿದ ಮೇಲೂ ರಬ್ಬರು ಬಿಡಿಯಾಗಲಿಲ್ಲ. ಮೊದಲಿನಂತೆಯೇ ಸ್ನಿಗ್ಧ ದ್ರಾವಣವನ್ನು ಕೊಟ್ಟಿತು. ಅಂಟಿನ ವಾದಕ್ಕೆ ಇದು ಮರ್ಮಾಘಾತವಾಯಿತು.

ಆದರೂ ವಿದ್ವಾಂಸರು ಒಪ್ಪಲಿಲ್ಲ. ಆಫ್ರಿಕದಲ್ಲಿ 1500 ಅಡಿ ಉದ್ದದ ಆನೆಯನ್ನು ಕಂಡೆವೆಂದು ಯಾರಾದರೂ ಹೇಳಿದರೆ ಪ್ರಾಣಿಶಾಸ್ತ್ರಜ್ಞರಿಗೆ ಆಗುವಂಥ ದಿಗ್ಭ್ರಮೆ ಅಂದಿನ ರಸಾಯನಜ್ಞರಿಗೆ ಆಯಿತಂತೆ. 1926ರಲ್ಲಿ ಡ್ಯುಸೆಲ್‌ಡಾರ್ಫಿನ ವಿಜ್ಞಾನಿಗಳ ಸಮ್ಮೇಳನದಲ್ಲಿ ಈ ವಿಷಯ ದೊಡ್ಡ ವಾಗ್ವಾದಕ್ಕೆ ಕಾರಣವಾಯಿತು. ಮುಂದೆ 1927ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದ ಹೈನ್ರಿಕ್ ವೀಲಂಡ್ ಅವರು ಮಿತ್ರಭಾವದಿಂದಲೇ ಸಲಹೆಯಿತ್ತರು: ದೊಡ್ಡ ಅಣುಗಳ ಕಲ್ಪನೆಯನ್ನು ಬಿಟ್ಟುಬಿಡುವುದು ಒಳಿತು, ರಬ್ಬರನ್ನು ಚೆನ್ನಾಗಿ ಶುದ್ಧಿಮಾಡಿದರೆ ಅದು ಸಾಮಾನ್ಯ ವಸ್ತುವಿನಂತೆ ಸ್ಫಟಿಕವಾಗುವುದು ಎಂಬುದು ಅವರ ಅಭಿಪ್ರಾಯ. ಹಗೆಯವರ ನಿಂದೆಯನ್ನು ಸಹಿಸುವುದು ಸುಲಭ. ಹಿತೈಷಿಗಳ ಸಲಹೆಯನ್ನು ಮೀರಿ ನಿಲ್ಲುವುದು ಕಷ್ಟ. ಕೀಟೀನುಗಳ ಸಂಶೋಧನೆಯಲ್ಲಿಯೇ ಮುಂದುವರಿದಿದ್ದರೆ ಅವರಿಗೆ ಕೀರ್ತಿಗೇನೂ ಕೊರತೆಯಿರಲಿಲ್ಲ. ಆದರೆ ತಮ್ಮ ಪ್ರಯೋಗವು ತೋರಿಸಿದ ದಾರಿಯನ್ನು ಅವರು ಬಿಡಲಿಲ್ಲ.

ಅದೇ 1926ರಲ್ಲಿ ಅವರು ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಕಾಲಕ್ರಮದಲ್ಲಿ ಬೇರೆಡೆಗಳಿಂದಲೂ ಸಾಕ್ಷ್ಯ ಒದಗಿತು. ಸ್ವೀಡನ್ನಿನ ಸ್ವೆಡ್‌ಬರ್ಗ್ ತಮ್ಮ ಅತಿವೇಗದ ಭ್ರಮಣಯಂತ್ರದಿಂದ ರಕ್ತದ ಹಿಮೋಗ್ಲೋಬಿನ್ನಿನ ಅಣುಭಾರ ಅರವತ್ತು ಸಾವಿರಕ್ಕೂ ಮಿಕ್ಕುದೆಂದು ತೋರಿಸಿದರು. 1928ರಲ್ಲಿ ಮೈಯರ್ ಮತ್ತು ಮಾರ್ಕ್ ಎಂಬವರು ಕ್ಷಕಿರಣಗಳ ನೆರವಿನಿಂದ ಹತ್ತಿಯ ನಾರಿನಲ್ಲಿ ಸರಪಳಿಯ ರಚನೆಯನ್ನು ಕಂಡರು. ಅಮೆರಿಕದ ವಾಲೇಸ್ ಕೆರೋದರ್ಸ್ ಚಿಕ್ಕ ಅಣುಗಳನ್ನು ಒಂದೊಂದಾಗಿ ಬೆಸೆದು ಸರಪಳಿಯನ್ನು ತಾವೇ ಕಟ್ಟಿ, 1935ರಲ್ಲಿ ನೈಲಾನನ್ನು ಸೃಷ್ಟಿಸಿದರು. ಅದು ಪೇಟೆಗೆ ಬರುವ ಮೊದಲೇ, 1937ರಲ್ಲಿ, ನಲವತ್ತೊಂದರ ಹರೆಯದಲ್ಲಿ ತೀರಿಕೊಂಡರು. 1930ರ ದಶಕದ ನಡುವಿನ ಹೊತ್ತಿಗೆ ಬೃಹದಣುವಿನ ವಾದಕ್ಕೆ ಜಯ ದೊರೆತಿತ್ತು.

ಚರಿತ್ರಕಾರನು ನಾಯಕನ ದೋಷವನ್ನು ಮರೆಮಾಚಬಾರದು. ದ್ರಾವಣದ ಸ್ನಿಗ್ಧತೆಯಿಂದ ಅಣುವಿನ ಉದ್ದವನ್ನು ಅಳೆಯುವ ಸೂತ್ರವನ್ನು 1930ರಲ್ಲಿ ಸ್ಟೌಡಿಂಗರ್ ಅವರು ರೂಪಿಸಿದರು, ಅದು ಬಹೂಪಯೋಗಿಯಾಯಿತು. ಆದರೆ ಸರಪಳಿಯು ಕೋಲಿನಂತೆ ಸೆಟೆದು ನಿಂತಿರುತ್ತದೆಂದು ಅವರು ಗಟ್ಟಿಯಾಗಿ ನಂಬಿದ್ದರು. ಅದು ನೂಲಿನಂತೆ ಬಳುಕಿ ಸುರುಳಿಯಾಗುವುದೆಂದು ಇತರರು ತೋರಿಸಿಕೊಟ್ಟರೂ ಬಹುಕಾಲ ಒಪ್ಪಲಿಲ್ಲ. ಸೂತ್ರವನ್ನು ತರುವಾಯದವರು ತಿದ್ದಬೇಕಾಯಿತು. ಸತ್ಯದಲ್ಲಿ ಅವರನ್ನು ಅಚಲವಾಗಿ ನಿಲ್ಲಿಸಿದ ಗುಣವೇ ಇಲ್ಲಿ ತಪ್ಪಿನಲ್ಲಿಯೂ ನಿಲ್ಲಿಸಿತು.

ಎರಡನೆಯ ಅಗ್ನಿಪರೀಕ್ಷೆ 1933ರಲ್ಲಿ ಬಂದಿತು. ಹಿಟ್ಲರನು ಅಧಿಕಾರಕ್ಕೆ ಬಂದ ಆ ವರ್ಷ ಫ್ರೈಬುರ್ಗಿನ ಕುಲಪತಿಯಾದವರು ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್. ಅವರು ಸ್ಟೌಡಿಂಗರ್ ಅವರ ಯುದ್ಧವಿರೋಧಿ ಬರಹಗಳನ್ನು ಕೆದಕಿ ಸರಕಾರಕ್ಕೆ ಗುಪ್ತವಾಗಿ ದೂರಿತ್ತರು. 1934ರಲ್ಲಿ ಅವರನ್ನು ಕೆಲಸದಿಂದ ತೆಗೆಯಬೇಕೆಂದೂ ಸೂಚಿಸಿದರು. ವಿಚಾರಣೆ ನಡೆಯಿತು, ರಾಜೀನಾಮೆಗೆ ಸಹಿ ಮಾಡಿಸಿಕೊಂಡು ಅದನ್ನು ತಲೆಯ ಮೇಲಿನ ಕತ್ತಿಯಂತೆ ತೂಗಿಬಿಡಲಾಯಿತು. ಹೊರದೇಶಗಳಲ್ಲಿ ಅವರಿಗಿದ್ದ ಕೀರ್ತಿಯಿಂದಾಗಿ ಕತ್ತಿ ಬೀಳಲಿಲ್ಲ. ಕೆಲವು ತಿಂಗಳ ತರುವಾಯ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಗೊಟ್ಟರು. ಅಂದಿನಿಂದ ಅವರು 1917ರಲ್ಲಿ ಆಡಿದಂತೆ ಬಹಿರಂಗವಾಗಿ ಆಡಲಿಲ್ಲ. ಪ್ರಯೋಗಶಾಲೆಯನ್ನೂ ಶಿಷ್ಯರನ್ನೂ ಉಳಿಸಿಕೊಂಡರು. ಅದನ್ನು ದೌರ್ಬಲ್ಯವೆನ್ನುವರೋ ವಿವೇಕವೆನ್ನುವರೋ ವಾಚಕರೇ ನಿರ್ಣಯಿಸಲಿ. ಅಂಥ ರಾಜ್ಯದಲ್ಲಿ ಬಾಳದ ನಾವು ಆತುರದ ತೀರ್ಪು ಕೊಡುವುದು ಉಚಿತವಲ್ಲ.

1944ರ ನವೆಂಬರ್ 27ರ ರಾತ್ರಿ ಬಾಂಬುದಾಳಿಯಿಂದ ಫ್ರೈಬುರ್ಗ್ ನಗರ ಸುಟ್ಟುಹೋಯಿತು. ಅವರ ಸಂಸ್ಥೆಯೂ ಬಹುಮಟ್ಟಿಗೆ ನಾಶವಾಯಿತು. ಆಗ ಅವರಿಗೆ ಅರವತ್ತಮೂರು ವರ್ಷ. ಎದೆಗುಂದದೆ ಮತ್ತೆ ಕಟ್ಟತೊಡಗಿದರು. 1947ರಲ್ಲಿ ಬೃಹದಣುಶಾಸ್ತ್ರಕ್ಕೇ ಮೀಸಲಾದ ಪತ್ರಿಕೆಯನ್ನು ಹೊಸದಾಗಿ ಆರಂಭಿಸಿದರು. ಈ ದುಡಿಮೆಯಲ್ಲೆಲ್ಲ ಅವರಿಗೆ ಹೆಗಲು ಕೊಟ್ಟವರು ಧರ್ಮಪತ್ನಿ ಮಾಗ್ದಾ. ಲಾಟ್ವಿಯದವರಾದ ಮಾಗ್ದಾ ಸಸ್ಯಶಾಸ್ತ್ರಜ್ಞೆ. ಬೃಹದಣುಗಳಿಗೂ ಜೀವಕೋಶಗಳಿಗೂ ಇರುವ ಸಂಬಂಧವನ್ನು ದಂಪತಿಗಳು ಕೂಡಿಯೇ ಅರಸಿದರು. ಬಾಲ್ಯದಲ್ಲಿ ಬಿಟ್ಟುಬಂದ ಗಿಡಮರಗಳ ಬಳಿಗೆ ಸ್ಟೌಡಿಂಗರ್ ಅವರು ಹೀಗೆ ಮರಳಿದರು.

1953ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮೊದಲ ಪ್ರಬಂಧ ಹೊರಬಂದು ಆಗಲೇ ಮೂವತ್ತಮೂರು ವರ್ಷಗಳು ಸಂದಿದ್ದವು. ಅದೇ ವರ್ಷ ಜೀವದ ಬೀಜಾಕ್ಷರಗಳನ್ನು ಹೊತ್ತ ಡಿ.ಎನ್.ಎ. ಎಂಬ ಬೃಹದಣುವಿನ ಜೋಡಿ ಸುರುಳಿಯನ್ನು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ವಾಟ್ಸನ್ ಮತ್ತು ಕ್ರಿಕ್ ಗುರುತಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಜೀಗ್ಲರ್ ಗಟ್ಟಿ ಪಾಲಿಥೀನನ್ನು ಸುಲಭವಾಗಿ ತಯಾರಿಸುವ ಉಪಾಯವನ್ನು ಕಂಡರು. ನಮ್ಮ ಪ್ಲಾಸ್ಟಿಕ್ ಕೊಡಗಳ ವಂಶ ಅಲ್ಲಿಂದ ಬೆಳೆಯಿತು. 1961ರಲ್ಲಿ ತಮ್ಮ ಕಾರ್ಯದ ನೆನಪುಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿ, 1965ನೆಯ ಸೆಪ್ಟೆಂಬರ್ 8ರಂದು ಸ್ಟೌಡಿಂಗರ್ ಅವರು ಫ್ರೈಬುರ್ಗಿನಲ್ಲಿ ದಿವಂಗತರಾದರು.

ಅವರು ತೋರಿದ ಸರಪಳಿ ಜಗತ್ತಿಗೆ ವರವೂ ಆಗಿದೆ, ಹೊರೆಯೂ ಆಗಿದೆ. ಬರಗಾಲದ ನಮ್ಮ ಸೀಮೆಯಲ್ಲಿ ಒಂದು ಹನಿ ನೀರೂ ಪೋಲಾಗದಂತೆ ಬೇರಿಗೆ ಮುಟ್ಟಿಸುವ ಕೊಳವೆ ಆ ವಿದ್ಯೆಯ ಫಲ. ಬೇಲಿಗೆ ಸಿಕ್ಕಿಕೊಂಡು ವರ್ಷಗಟ್ಟಲೆ ಕೊಳೆಯದ, ದನದ ಹೊಟ್ಟೆ ಸೇರಿ ಪ್ರಾಣ ತೆಗೆಯುವ ಚೀಲವೂ ಅದರದೇ ಫಲ. ಹತ್ತಿಯ ಸರಪಳಿಯನ್ನು ಬಿಡಿಸಬಲ್ಲ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಹೇರಳವಾಗಿವೆ; ಪಾಲಿಥೀನಿನ ಸರಪಳಿ ಅವುಗಳಿಗೆ ಸುಲಭವಾಗಿ ಬಗ್ಗದು. ಈ ಗಂಟನ್ನು ಬಿಡಿಸುವ ಹೊಣೆ ಇಂದು ಶಾಲೆಯಲ್ಲಿ ಓದುತ್ತಿರುವ ಮಕ್ಕಳದು. ಅವರಲ್ಲಿ ನಮ್ಮ ಯಳವಿಯ ಮಕ್ಕಳೂ ಏಕಿರಬಾರದು? ದೊಡ್ಡವರು ಹೇಳಿದರೆಂದು ಒಪ್ಪದೆ, ಹಟಕ್ಕಾಗಿಯೂ ವಿರೋಧಿಸದೆ, ಪ್ರಯೋಗ ಮಾಡಿ ನೋಡಿ, ಕಂಡುದನ್ನು ನಿರ್ಭಯವಾಗಿ ಹೇಳುವುದು, ತಪ್ಪೆಂದು ತೋರಿದಾಗ ತಿದ್ದಿಕೊಳ್ಳುವುದು ಈ ಕೆಲಸಕ್ಕೆ ಬೇಕಾದ ಮೊದಲ ಬಂಡವಾಳ. ಅದರ ಬಹುಭಾಗವನ್ನು ಸ್ಟೌಡಿಂಗರ್ ಅವರ ಬಾಳಿನಿಂದ ನಮ್ಮ ಮಕ್ಕಳು ಪಡೆಯಬಹುದು.