ರಾಬರ್ಟ್ ಜೋನ್ಸ್ (ಮೂಳೆ ಶಸ್ತ್ರವೈದ್ಯ)

ಸರ್ ರಾಬರ್ಟ್ ಜೋನ್ಸ್ (28 ಜೂನ್ 1857 – 14 ಜನವರಿ 1933) ಅವರು ಬ್ರಿಟನ್ನಿನ ಶಸ್ತ್ರವೈದ್ಯರು ಹಾಗೂ ಆಧುನಿಕ ಮೂಳೆ ಮತ್ತು ಕೀಲು ಚಿಕಿತ್ಸೆಯ ಸ್ಥಾಪಕರಲ್ಲಿ ಒಬ್ಬರು. ಗಾಯದ ಪರೀಕ್ಷೆಗಾಗಿ ಕ್ಷ-ಕಿರಣಗಳನ್ನು (ಎಕ್ಸ್-ರೇ) ಬಳಸಿದ ಮೊದಲ ವೈದ್ಯರ ಸಾಲಿನಲ್ಲಿ ಅವರ ಹೆಸರಿದೆ. ಪಾದದ ಹೊರ ಅಂಚಿನ ಮೂಳೆಯಲ್ಲಿ ಉಂಟಾಗುವ ಒಂದು ಬಗೆಯ ಮುರಿತವನ್ನು ವೈದ್ಯಶಾಸ್ತ್ರದಲ್ಲಿ ‘ಜೋನ್ಸ್ ಮುರಿತ’ ಎಂದು ಕರೆಯಲಾಗುತ್ತದೆ. ಈ ಮುರಿತವನ್ನು ವಿವರಿಸಲು ಅವರಿಗೆ ದಾರಿ ತೋರಿದ್ದು ಅವರದೇ ಪಾದಕ್ಕೆ ಆದ ಪೆಟ್ಟು.

ಜನನ ಮತ್ತು ಶಿಕ್ಷಣ

ಜೋನ್ಸ್ ಅವರು ಉತ್ತರ ವೇಲ್ಸ್‌ನ ರಿಲ್ ಪಟ್ಟಣದಲ್ಲಿ ಜನಿಸಿದರು. ಬಾಲ್ಯ ಲಂಡನ್ನಿನಲ್ಲಿ ಕಳೆಯಿತು. 16ನೆಯ ವಯಸ್ಸಿನಲ್ಲಿ ಲಿವರ್‌ಪೂಲ್ ನಗರಕ್ಕೆ ಬಂದು, ಬಂಧುಗಳಾದ ಹ್ಯೂ ಓವೆನ್ ಥಾಮಸ್ ಅವರ ಮನೆಯಲ್ಲಿ ನೆಲೆಸಿ ವೈದ್ಯಕೀಯ ವ್ಯಾಸಂಗ ಮಾಡಿದರು. 1878ರಲ್ಲಿ ವೈದ್ಯ ವೃತ್ತಿಗೆ ಅರ್ಹತೆ ಪಡೆದರು.

ಥಾಮಸ್ ಅವರ ಮನೆತನ ತಲೆಮಾರುಗಳಿಂದ ಮೂಳೆ ಕಟ್ಟುವ ಕಸುಬಿನದು. ಕನ್ನಡ ನಾಡಿನ ಹಳ್ಳಿಗಳಲ್ಲಿ ಇಂದಿಗೂ ಕಾಣುವ ನಾಟಿ ಮೂಳೆ ವೈದ್ಯರಂತೆಯೇ ಆ ಮನೆತನದವರು ಪದವಿಯಿಲ್ಲದೆ, ಕೈಯ ಅನುಭವದಿಂದಲೇ ಮುರಿದ ಮೂಳೆಗಳನ್ನು ಕೂಡಿಸುತ್ತಿದ್ದರು. ಈ ಮನೆತನದಲ್ಲಿ ಹುಟ್ಟಿ ವೈದ್ಯ ಪದವಿ ಪಡೆದ ಥಾಮಸ್ ಅವರು, ಪೆಟ್ಟಾದ ಅಂಗಕ್ಕೆ ಸಂಪೂರ್ಣವಾದ ಮತ್ತು ದೀರ್ಘವಾದ ವಿಶ್ರಾಂತಿ ದೊರೆಯಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಅಂಗವನ್ನು ಅಲುಗದಂತೆ ಹಿಡಿದಿಡಲು ಅವರು ರೂಪಿಸಿದ ಕಬ್ಬಿಣದ ಸಾಧನವು ‘ಥಾಮಸ್ ಸ್ಪ್ಲಿಂಟ್’ ಎಂದು ಪ್ರಸಿದ್ಧವಾಗಿದೆ. ಮುಟ್ಟಿ, ಒತ್ತಿ, ಚಲನೆಯನ್ನು ಗಮನಿಸಿ ಗಾಯವನ್ನು ಅರಿಯುವ ವಿದ್ಯೆಯನ್ನು ಜೋನ್ಸ್ ಕಲಿತದ್ದು ಥಾಮಸ್ ಅವರ ಬಳಿಯಲ್ಲಿ.

ಕಾಲುವೆ ಕಾಮಗಾರಿಯ ವೈದ್ಯಕೀಯ ವ್ಯವಸ್ಥೆ

1888ರಲ್ಲಿ ಜೋನ್ಸ್ ಅವರು ಮ್ಯಾಂಚೆಸ್ಟರ್ ಹಡಗು ಕಾಲುವೆಯ ನಿರ್ಮಾಣ ಕಾರ್ಯಕ್ಕೆ ಮುಖ್ಯ ಶಸ್ತ್ರವೈದ್ಯರಾಗಿ ನೇಮಕಗೊಂಡರು. ಸುಮಾರು 58 ಕಿ.ಮೀ. ಉದ್ದದ ಈ ಕಾಮಗಾರಿಯಲ್ಲಿ ದುಡಿಯುತ್ತಿದ್ದ ಸಾವಿರಾರು ಕಾರ್ಮಿಕರಿಗೆ ಅಪಘಾತಗಳು ಸಾಮಾನ್ಯವಾಗಿದ್ದವು. ಕಾಲುವೆಯ ಉದ್ದಕ್ಕೂ ಪ್ರಥಮ ಚಿಕಿತ್ಸಾ ಕೇಂದ್ರಗಳನ್ನೂ, ನಡುನಡುವೆ ಮೂರು ಆಸ್ಪತ್ರೆಗಳನ್ನೂ ಹೊಂದಿದ್ದ ವ್ಯವಸ್ಥೆಯನ್ನು ಅವರು ನಡೆಸಿದರು. ಸುಸಜ್ಜಿತ ಅಪಘಾತ ಚಿಕಿತ್ಸಾ ಸೇವೆಯ ಆರಂಭಿಕ ಮಾದರಿಗಳಲ್ಲಿ ಇದೂ ಒಂದೆಂದು ಪರಿಗಣಿತವಾಗಿದೆ. ಕ್ಷ-ಕಿರಣಗಳು ಇನ್ನೂ ಪತ್ತೆಯಾಗಿರದ ಆ ದಿನಗಳಲ್ಲಿ ಮುರಿತವನ್ನು ಕಣ್ಣು ಮತ್ತು ಕೈಗಳಿಂದಲೇ ಗುರುತಿಸಬೇಕಾಗಿತ್ತು.

ಕ್ಷ-ಕಿರಣಗಳ ಬಳಕೆ

ಜರ್ಮನಿಯ ವಿಲ್ಹೆಲ್ಮ್ ರಾಂಟ್ಜನ್ ಅವರು 1895ರ ನವೆಂಬರಿನಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದರು. ಈ ಸುದ್ದಿ ಹರಡಿದ ಕೆಲವೇ ವಾರಗಳಲ್ಲಿ, ಮಣಿಕಟ್ಟಿನೊಳಗೆ ಗುಂಡು ಹೊಕ್ಕಿದ್ದ ಬಾಲಕನೊಬ್ಬ ಜೋನ್ಸ್ ಅವರ ಬಳಿಗೆ ಬಂದನು. ಗುಂಡು ಎಲ್ಲಿದೆಯೆಂಬುದು ಸಾಮಾನ್ಯ ಪರೀಕ್ಷೆಯಿಂದ ತಿಳಿಯಲಿಲ್ಲ. 1896ರ ಫೆಬ್ರವರಿ 7ರಂದು ಲಿವರ್‌ಪೂಲ್‌ನ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಅವರ ಪ್ರಯೋಗಾಲಯದಲ್ಲಿ ಬಾಲಕನ ಮಣಿಕಟ್ಟಿನ ಕ್ಷ-ಕಿರಣ ಚಿತ್ರವನ್ನು ತೆಗೆಯಲಾಯಿತು. ಇಂದು ಕ್ಷಣಮಾತ್ರದಲ್ಲಿ ಮುಗಿಯುವ ಈ ಕೆಲಸಕ್ಕೆ ಅಂದು ಬಹಳ ಹೊತ್ತು ಬೇಕಾಯಿತು. ಆದರೆ ಗುಂಡು ಇದ್ದ ಸ್ಥಳ ಚಿತ್ರದಲ್ಲಿ ಕಾಣಿಸಿತು. ಇದರ ವರದಿ ಅದೇ ತಿಂಗಳು ‘ದ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಪ್ರಯೋಗವನ್ನು ಕಂಡಿದ್ದ ವೈದ್ಯ ಚಾರ್ಲ್ಸ್ ಥರ್ಸ್ಟನ್ ಹಾಲೆಂಡ್ ಅವರು ಜೋನ್ಸ್ ಅವರ ಪ್ರೋತ್ಸಾಹದಿಂದ ಅದೇ ವರ್ಷ ಈ ಕ್ಷೇತ್ರಕ್ಕೆ ಬಂದರು. ಮುಂದೆ ಬ್ರಿಟನ್ನಿನ ವಿಕಿರಣ ವೈದ್ಯಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರಾದರು.

ಜೋನ್ಸ್ ಮುರಿತ

ನರ್ತಿಸುತ್ತಿದ್ದಾಗ ಜೋನ್ಸ್ ಅವರ ಪಾದಕ್ಕೆ ಪೆಟ್ಟಾಯಿತು. ನೋವಿದ್ದರೂ ಅವರು ನಡೆಯಬಲ್ಲವರಾಗಿದ್ದರು. ಮೂಳೆ ಸ್ಥಾನ ತಪ್ಪಿದ ಲಕ್ಷಣವಾಗಲಿ, ಮುರಿದ ತುದಿಗಳು ಉಜ್ಜುವ ಅನುಭವವಾಗಲಿ ಇರಲಿಲ್ಲ. ಸ್ನಾಯುರಜ್ಜು ಹರಿದಿರಬಹುದೆಂದು ಅವರು ಊಹಿಸಿದರು. ಆದರೆ ಕ್ಷ-ಕಿರಣ ಚಿತ್ರದಲ್ಲಿ, ಕಿರುಬೆರಳಿಗೆ ಸೇರುವ ಪಾದದ ಐದನೆಯ ಉದ್ದಮೂಳೆ (ಮೆಟಟಾರ್ಸಲ್) ಬುಡದ ಸಮೀಪ ಮುರಿದಿರುವುದು ಕಂಡುಬಂದಿತು. ಇದೇ ಬಗೆಯ ಇತರ ಪ್ರಕರಣಗಳನ್ನೂ ಸೇರಿಸಿ ಅವರು 1902ರಲ್ಲಿ ಲೇಖನವನ್ನು ಪ್ರಕಟಿಸಿದರು. ನೇರವಾಗಿ ಏಟು ಬೀಳದಿದ್ದರೂ, ಹಿಮ್ಮಡಿ ಮೇಲೆದ್ದಿರುವಾಗ ದೇಹದ ಭಾರ ಪಾದದ ಹೊರ ಅಂಚಿಗೆ ಬಿದ್ದು ಈ ಮೂಳೆ ಮುರಿಯಬಹುದೆಂದು ಅದರಲ್ಲಿ ವಿವರಿಸಿದರು.

ನಡೆಯಲು ಸಾಧ್ಯವಾದರೆ ಮೂಳೆ ಮುರಿದಿಲ್ಲವೆಂಬ ಜನಸಾಮಾನ್ಯರ ನಂಬಿಕೆ ಎಲ್ಲ ಸಂದರ್ಭಗಳಲ್ಲೂ ಸರಿಯಲ್ಲವೆಂಬುದನ್ನು ಈ ಪ್ರಕರಣಗಳು ತೋರಿಸಿದವು.

ಮೊದಲನೆಯ ಮಹಾಯುದ್ಧ

ಯುದ್ಧದ ಆರಂಭದಲ್ಲಿ ಗುಂಡೇಟಿನಿಂದ ತೊಡೆಮೂಳೆ ಮುರಿದ ಸೈನಿಕರಲ್ಲಿ ಬಹುಪಾಲು ಜನ ಸಾವನ್ನಪ್ಪುತ್ತಿದ್ದರು. ಇಂತಹ ಗಾಯಾಳುಗಳನ್ನು ರಣರಂಗದಿಂದ ಸಾಗಿಸುವ ಮೊದಲೇ ಥಾಮಸ್ ಸ್ಪ್ಲಿಂಟ್ ಕಟ್ಟಬೇಕೆಂದು ಜೋನ್ಸ್ ಒತ್ತಾಯಿಸಿದರು. ಸುಮಾರು ಶೇಕಡ 80ರಷ್ಟಿತ್ತೆಂದು ಹೇಳಲಾಗುವ ಸಾವಿನ ಪ್ರಮಾಣ, ಈ ಕ್ರಮದಿಂದಲೂ ಚಿಕಿತ್ಸೆಯ ಇತರ ಸುಧಾರಣೆಗಳಿಂದಲೂ ಸುಮಾರು ಶೇಕಡ 20ಕ್ಕೆ ಇಳಿಯಿತು. ಮುರಿತದ ಶಂಕೆ ಬಲವಾಗಿದ್ದಲ್ಲಿ ಚಿತ್ರಕ್ಕಾಗಿ ಕಾಯದೆ ಮೊದಲು ಅಂಗವನ್ನು ಭದ್ರಪಡಿಸಬೇಕೆಂಬುದು ಇದರಿಂದ ದೊರೆತ ಪಾಠ. ಜೋನ್ಸ್ ಅವರು ಸೇನೆಯ ಮೂಳೆ ಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿ ಮೇಜರ್ ಜನರಲ್ ಹುದ್ದೆಗೇರಿದರು. ಅಂಗವಿಕಲ ಸೈನಿಕರ ಪುನರ್ವಸತಿಗಾಗಿ ವಿಶೇಷ ಆಸ್ಪತ್ರೆಗಳನ್ನು ಸಂಘಟಿಸಿದರು.

ಗೌರವಗಳು ಮತ್ತು ನಿಧನ

ಜೋನ್ಸ್ ಅವರಿಗೆ 1917ರಲ್ಲಿ ಸರ್ ಪದವಿಯೂ 1926ರಲ್ಲಿ ಬ್ಯಾರೊನೆಟ್ ಪದವಿಯೂ ದೊರೆತವು. ದಾದಿ ಆಗ್ನೆಸ್ ಹಂಟ್ ಅವರೊಂದಿಗೆ ಅಂಗವಿಕಲ ಮಕ್ಕಳ ಚಿಕಿತ್ಸೆಗಾಗಿ ದುಡಿದರು. ಆಸ್ವೆಸ್ಟ್ರಿಯಲ್ಲಿರುವ ಮೂಳೆ ಆಸ್ಪತ್ರೆ ಇಂದಿಗೂ ಇವರಿಬ್ಬರ ಹೆಸರನ್ನು ಹೊಂದಿದೆ. 1933ರಲ್ಲಿ ಜೋನ್ಸ್ ವೇಲ್ಸ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಲಿವರ್‌ಪೂಲ್ ಕೆಥೆಡ್ರಲ್‌ನಲ್ಲಿ ಇರಿಸಲಾಗಿದೆ.

ನಂತರದ ಬೆಳವಣಿಗೆ: ಎಕ್ಸ್-ರೇ ಯಾವಾಗ ಅಗತ್ಯ?

ಜೋನ್ಸ್ ಅವರ ಕಾಲದಲ್ಲಿ ಅಪರೂಪವಾಗಿದ್ದ ಎಕ್ಸ್-ರೇ ಮುಂದೆ ಎಷ್ಟು ಸಾಮಾನ್ಯವಾಯಿತೆಂದರೆ, ಪಾದ ಉಳುಕಿ ಬಂದವರಲ್ಲಿ ಬಹುತೇಕ ಎಲ್ಲರಿಗೂ ಅದನ್ನು ತೆಗೆಯುವ ರೂಢಿ ಬೆಳೆಯಿತು. ಅವರಲ್ಲಿ ಮುರಿತವಿದ್ದವರ ಸಂಖ್ಯೆ ಚಿಕ್ಕದು. ಆದ್ದರಿಂದ ಕೆನಡಾದ ಒಟ್ಟಾವಾ ನಗರದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು ಅಧ್ಯಯನ ನಡೆಸಿ 1992ರಲ್ಲಿ ‘ಒಟ್ಟಾವಾ ನಿಯಮ’ಗಳನ್ನು ಪ್ರಕಟಿಸಿದರು. ಇವುಗಳ ಪ್ರಕಾರ, ಪಾದದ ಕೀಲಿನ ಸುತ್ತ ನೋವಿದ್ದು, ಅದರೊಂದಿಗೆ ಕೆಳಗಿನ ಯಾವುದಾದರೂ ಒಂದು ಲಕ್ಷಣ ಕಂಡುಬಂದರೆ ಆ ಕೀಲಿನ ಎಕ್ಸ್-ರೇ ಅಗತ್ಯ:

• ಹೊರಗಿಣ್ಣಿನ ತುದಿಯನ್ನು ಅಥವಾ ಅದರಿಂದ ಮೇಲಕ್ಕೆ 6 ಸೆಂ.ಮೀ.ವರೆಗಿನ ಮೂಳೆಯ ಹಿಂಭಾಗದ ಅಂಚನ್ನು ಒತ್ತಿದಾಗ ನೋವು;
• ಒಳಗಿಣ್ಣಿನಲ್ಲಿ ಇದೇ ಭಾಗಗಳನ್ನು ಒತ್ತಿದಾಗ ನೋವು;
• ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಸಮಯದಲ್ಲಿ, ಎರಡೂ ಸಲ ನಾಲ್ಕು ಹೆಜ್ಜೆ ಭಾರ ಹಾಕಲು ಆಗದಿರುವುದು.

ಪಾದದ ನಡುಭಾಗದಲ್ಲಿ ನೋವಿದ್ದರೆ ಎರಡು ಸ್ಥಳಗಳನ್ನು ಒತ್ತಿ ನೋಡಬೇಕು: ಒಳಬದಿಯ ದೋಣಿಯಾಕಾರದ ಮೂಳೆ (ನ್ಯಾವಿಕ್ಯುಲರ್) ಮತ್ತು ಹೊರಬದಿಯ ಐದನೆಯ ಉದ್ದಮೂಳೆಯ ಬುಡ. ಇವುಗಳಲ್ಲಿ ಒಂದು ನೊಂದರೂ, ಅಥವಾ ಮೇಲೆ ಹೇಳಿದಂತೆ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಪಾದದ ಎಕ್ಸ್-ರೇ ಅಗತ್ಯ. ಜೋನ್ಸ್ ತಮ್ಮ ಪಾದದಲ್ಲಿ ಗುರುತಿಸಿದ ಮುರಿತ ಈ ಎರಡನೆಯ ಸ್ಥಳದ ಸಮೀಪದ್ದು. ಹೀಗಾಗಿ ರೋಗಿ ನಡೆಯಬಲ್ಲವನಾಗಿದ್ದರೂ ಈ ಜಾಗವನ್ನು ಒತ್ತಿ ನೋಡುವುದು ಪರೀಕ್ಷೆಯ ಭಾಗವಾಗಿದೆ.

ಎಕ್ಸ್-ರೇ ಯಂತ್ರ ಸಮೀಪದಲ್ಲಿಲ್ಲದ ಊರುಗಳಲ್ಲಿ ಇಂತಹ ನಿಯಮಗಳ ಉಪಯೋಗ ಹೆಚ್ಚು. ಉದಾಹರಣೆಗೆ, ತುಂಗಾ ನದಿಯ ಹಿನ್ನೀರಿನ ದಂಡೆಯಲ್ಲಿರುವ ಸಕ್ರೆಬೈಲು ಆನೆ ಬಿಡಾರವು ಶಿವಮೊಗ್ಗ ನಗರದಿಂದ ಸುಮಾರು 14 ಕಿ.ಮೀ. ದೂರದಲ್ಲಿದೆ. ಆನೆಯನ್ನು ಮೀಯಿಸುವಾಗ ಮಾವುತರೊಬ್ಬರು ಜಾರಿ ಪಾದ ತಿರುಚಿಕೊಂಡರೆ, ಕೂಡಲೇ ನಗರದ ಆಸ್ಪತ್ರೆಗೆ ಹೋಗಬೇಕೇ ಅಥವಾ ವಿಶ್ರಾಂತಿ ಪಡೆದು ಕಾದು ನೋಡಬಹುದೇ ಎಂಬುದನ್ನು ನಿರ್ಧರಿಸಲು ಆರೋಗ್ಯ ಕಾರ್ಯಕರ್ತರಿಗೆ ಈ ಪರೀಕ್ಷೆ ನೆರವಾಗುತ್ತದೆ. ಮುರಿತದ ಶಂಕೆಯಿದ್ದಲ್ಲಿ ಪಾದವನ್ನು ನೀವುವುದು, ಎಳೆಯುವುದು ಸಲ್ಲದು. ದಬ್ಬೆ ಕಟ್ಟಿ, ಅಲುಗದಂತೆ ಸಾಗಿಸಬೇಕು.

ನಿಯಮಗಳಿಗೆ ಮಿತಿಗಳೂ ಇವೆ. ಅವು ಮೂಲತಃ ವಯಸ್ಕರಿಗಾಗಿ ರೂಪುಗೊಂಡವು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರಲ್ಲಿ, ಮದ್ಯ ಸೇವಿಸಿದವರಲ್ಲಿ ಮತ್ತು ಪ್ರಜ್ಞೆ ಸ್ಪಷ್ಟವಾಗಿಲ್ಲದವರಲ್ಲಿ ನೋವಿಲ್ಲವೆಂಬುದನ್ನು ನೆಚ್ಚುವಂತಿಲ್ಲ. ಅಂಗದ ಆಕಾರ ಕೆಟ್ಟಿದ್ದರೆ, ಬೆರಳುಗಳು ತಣ್ಣಗಾಗಿದ್ದರೆ ಅಥವಾ ಗಾಯದಲ್ಲಿ ಮೂಳೆ ಕಾಣುತ್ತಿದ್ದರೆ ನಿಯಮಗಳನ್ನು ನೋಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಣಿಕಟ್ಟಿನ ಕೆಲವು ಮುರಿತಗಳು ಮೊದಲ ಎಕ್ಸ್-ರೇಯಲ್ಲಿ ಕಾಣಿಸದಿರಬಹುದು. ನೋವು ಉಳಿದರೆ 10ರಿಂದ 14 ದಿನಗಳ ನಂತರ ಮತ್ತೆ ಪರೀಕ್ಷಿಸಲಾಗುತ್ತದೆ.

ಪಾದದ ಒಂದು ಎಕ್ಸ್-ರೇಯಿಂದ ದೇಹಕ್ಕೆ ತಗಲುವ ವಿಕಿರಣ ಅತ್ಯಲ್ಪ. ಆದ್ದರಿಂದ ಅಗತ್ಯವಿದ್ದಾಗ ಹೆದರಿ ಹಿಂಜರಿಯಲು ಕಾರಣವಿಲ್ಲ. ಗರ್ಭಿಣಿಯರು ಆ ವಿಷಯವನ್ನು ಮೊದಲೇ ತಿಳಿಸಬೇಕು. ಭಾರತದಲ್ಲಿ ಎಕ್ಸ್-ರೇ ಉಪಕರಣಗಳ ಸುರಕ್ಷತೆಯನ್ನು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಿಯಂತ್ರಿಸುತ್ತದೆ.